ದಪ್ಪ ಗೋಡೆಯ ಹಳೇ ಮನೆಗೆ ಎರಡನೇ ರೂಟರ್ ಕೂರಿಸೋದು ಹೇಗೆ? ಮೊದಲಿಂದ ಹೇಳಿಕೊಡಿ

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದಿಂದ ಒಂಬತ್ತು ಕಿಲೋಮೀಟರ್ ಒಳಗೆ, ತೋಟದ ನಡುವಿನ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಹೋದ ತಿಂಗಳು ಫೈಬರ್ ಇಂಟರ್ನೆಟ್ ಹಾಕಿಸಿದೆವು, 50 ಎಂಬಿಪಿಎಸ್ ಪ್ಲಾನ್. ಲೈನ್ ಎಳೆದ ಹುಡುಗ ಜಗುಲಿಯ ಕಿಟಕಿ ಪಕ್ಕ ಒಂದು ಬಿಳಿ ಪೆಟ್ಟಿಗೆ ಕೂರಿಸಿ, ಚೀಟಿಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಬರೆದುಕೊಟ್ಟು ಹೋದ.

ಜಗುಲಿಯಲ್ಲಿ ಚೆನ್ನಾಗಿ ಬರುತ್ತೆ. ನಡುಮನೆಗೆ ಬಂದರೆ ಎರಡು ಗೆರೆ. ಅಡುಗೆಮನೆಯಲ್ಲಿ ಒಂದು ಗೆರೆ ಬಂದು ಹೋಗಿ ಮಾಡುತ್ತೆ. ಮಾಳಿಗೆ ಮೇಲೆ ಏನೂ ಇಲ್ಲ. ನನಗೆ ಬೇಕಾಗಿರೋದೇ ಮಾಳಿಗೆ. ಮಗಳು ಬಾಣಂತನಕ್ಕೆ ಬಂದವಳು, ರಜೆ ಮುಗಿಯೋಕೆ ಇನ್ನು ಮೂರು ವಾರ ಇದೆ. ಆಮೇಲೂ ಒಂದಷ್ಟು ತಿಂಗಳು ಇಲ್ಲೇ ಇದ್ದು ಮನೆಯಿಂದಲೇ ಆಫೀಸ್ ಕೆಲಸ ಮಾಡ್ತೀನಿ ಅಂದಿದ್ದಾಳೆ. ಅವಳು ಮಾಳಿಗೆಯಲ್ಲಿ ಕೂತರೆ ಮಗುವನ್ನು ಕೆಳಗೆ ನಾನು ನೋಡ್ಕೋಬಹುದು. ಜಗುಲಿಯಲ್ಲಿ ಕೂತು ಮೀಟಿಂಗ್ ಮಾಡೋಕಾಗಲ್ಲ. ಅಲ್ಲಿ ಮಾವನವರು ಇರ್ತಾರೆ, ಬಂದುಹೋಗೋ ಜನ ಇರ್ತಾರೆ.

ಪೆಟ್ಟಿಗೆ ಹಿಂದೆ ಸಣ್ಣ ತೂತಿದೆ, ಪಿನ್ ಚುಚ್ಚಿ ಹಿಡಿದರೆ ಸಿಗ್ನಲ್ ಜಾಸ್ತಿ ಆಗುತ್ತೆ ಅಂತ ಯಾರೋ ಹೇಳಿದರು. ಹಾಗೇ ಮಾಡಿದೆ. ಇದ್ದ ನೆಟ್ಟೂ ಹೋಯ್ತು. ಮೂರು ದಿನ ಬಿಟ್ಟು ಹುಡುಗ ಬಂದು ಸರಿ ಮಾಡಿದ. ಏನು ಮಾಡಿದೆಯಪ್ಪ, ನನಗೂ ತೋರಿಸು ಅಂದರೆ "ನಿಮಗೆ ಅದೆಲ್ಲ ಬೇಡ ಆಂಟಿ" ಅಂದುಬಿಟ್ಟ. ಆ ಮಾತು ಇನ್ನೂ ಮನಸ್ಸಲ್ಲೇ ಇದೆ.

ಪೇಟೆಗೆ ಹೋದಾಗ 1,500 ರೂಪಾಯಿ ಕೊಟ್ಟು ಇನ್ನೊಂದು ರೂಟರ್ ತಂದಿದ್ದೀನಿ. ಹಿಂದೆ ನಾಲ್ಕು ಹಳದಿ ತೂತು, ಒಂದು ನೀಲಿ ತೂತು, ಮೇಲೆ ನಾಲ್ಕು ಕಡ್ಡಿ. ಅಳಿಯ ಬೆಂಗಳೂರಿಂದ ಫೋನಲ್ಲಿ ಹೇಳಿಕೊಡೋಕೆ ನೋಡಿದರು, ಅರ್ಧದಲ್ಲೇ ಲೈನ್ ಕಟ್ಟಾಯ್ತು. ಯಾವ ವೈರ್ ಎಲ್ಲಿಗೆ ಹೋಗಬೇಕು, ಫೋನಲ್ಲಿ ಏನು ಒತ್ತಬೇಕು, ದಯವಿಟ್ಟು ಮೊದಲಿಂದ ಹೇಳಿ. ನಾನೇ ಮಾಡಬೇಕು ಅಂತಿದ್ದೀನಿ.

ಜಯನಗರದವ

ಮೇಡಂ, ಆ ರೂಟರ್ ವಾಪಸ್ ಕೊಟ್ಟು ಮೆಶ್ ಸೆಟ್ ತಗೊಳ್ಳಿ. ಎರಡು-ಮೂರು ಡಬ್ಬಿ ಬರುತ್ತೆ, ಮೊಬೈಲ್ ಆ್ಯಪಲ್ಲೇ ಎಲ್ಲಾ ಸೆಟ್ ಆಗುತ್ತೆ, ವೈರ್ ಎಳೆಯೋ ತಾಪತ್ರಯ ಇಲ್ಲ. ನಮ್ಮ ಫ್ಲಾಟ್‌ನಲ್ಲಿ ಎರಡು ಡಬ್ಬಿ ಇಟ್ಟಿದ್ದೀನಿ, ಎಲ್ಲಾ ರೂಮಲ್ಲೂ ಫುಲ್ ಸಿಗ್ನಲ್. ದುಡ್ಡು ಸ್ವಲ್ಪ ಜಾಸ್ತಿ, ಆದರೆ ನೆಮ್ಮದಿ.

ನಿವೃತ್ತ ಲೈನ್‌ಮನ್, ಧಾರವಾಡ

ಅಕ್ಕಾರ, ನಮಸ್ಕಾರ್ರಿ. ನಾ ಟೆಲಿಫೋನ್ ಇಲಾಖೆಯೊಳಗ 34 ವರ್ಷ ಲೈನ್‌ಮನ್ ಆಗಿ ದುಡಿದು ರಿಟೈರ್ ಆಗೀನಿ. ಕಂಬಾ ಹತ್ತೀನಿ, ತೆಗ್ಗಿನಾಗ ಕುಂತು ಕೇಬಲ್ ಜಾಯಿಂಟ್ ಹಾಕೀನಿ. "ನಿಮಗೆ ಅದೆಲ್ಲ ಬೇಡ" ಅಂದ ಮಾತು ಓದಿ ಬ್ಯಾಸರಾತು. ಮನಿ ನಿಮ್ದು, ತಿಂಗಳಾ ರೊಕ್ಕಾ ಕಟ್ಟಾವ್ರು ನೀವು. ನಿಮಗ ಬ್ಯಾಡಾದ್ರ ಮತ್ತ್ಯಾರಿಗೆ ಬೇಕ್ರಿ? ಕುಂದ್ರಿಸಿ ತೋರಿಸಬೇಕಿತ್ತು. ನಾ ಹೇಳ್ತೀನಿ, ಆದ್ರ ಗಡಿಬಿಡಿ ಮಾಡಬ್ಯಾಡ್ರಿ.

ಮೊದಲ ಒಂದು ಮಾತು ತಲ್ಯಾಗ ಇಟ್ಕೋರಿ. ಲೈನ್ ಬ್ಯಾರೆ, ವೈಫೈ ಬ್ಯಾರೆ. ಕಂಬದಿಂದ ನಿಮ್ಮ ಜಗುಲಿ ತನಕ ಬಂದದ್ದು ಲೈನ್. ಜಗುಲಿಯಿಂದ ನಿಮ್ಮ ಕೈಯಾಗಿನ ಫೋನ್ ತನಕ ಗಾಳಿಯೊಳಗ ಬರೋದು ವೈಫೈ. ಓಣಿ ನಳಕ್ಕ ನೀರು ಬರದಿದ್ರ ಮನಿಯೊಳಗಿನ ಪೈಪ್ ಬದಲಿ ಮಾಡಿ ಏನೂ ಆಗಂಗಿಲ್ಲ. ಹಂಗ, ನಳದಾಗ ನೀರು ಜೋರಾಗಿ ಬರಾಕತ್ತಿದ್ರ ಓಣಿ ಪೈಪ್ ಅಗಿಯೂದು ಬ್ಯಾಡ. ನಿಮ್ಮ ಜಗುಲಿಯೊಳಗ ನೆಟ್ ಛಲೋ ಬರ್ತೈತಿ ಅಂದ್ರ ನಿಮ್ಮ ಲೈನ್ ಆರೋಗ್ಯ ಐತಿ. ಕಾಯಿಲೆ ಇರೋದು ಗ್ವಾಡಿ ದಾಟೂದರಾಗ. ಇದನ್ನ ಬ್ಯಾರೆ ಮಾಡಿ ನೋಡೂದು ಕಲ್ತ್ರ ಅರ್ಧಾ ಕೆಲಸ ಆತು.

ಆ ಬಿಳಿ ಪೆಟ್ಟಿಗಿಗೆ ಓಎನ್‌ಟಿ ಅಂತಾರ. ಹೊರಗಿಂದ ಬರೋ ಸಣ್ಣ ವೈರಿನೊಳಗ ಕೂದಲದಷ್ಟು ತೆಳ್ಳನ ಗಾಜಿನ ಎಳಿ ಇರ್ತೈತಿ. ಆ ಒಂದ ಎಳಿಯೊಳಗ ಬರೋ ಬೆಳಕೂ ಹೋಗೋ ಬೆಳಕೂ ಎರಡೂ ಓಡಾಡ್ತಾವ. ಎರಡರ ಅಲೆಯ ಉದ್ದ ಬ್ಯಾರೆ ಬ್ಯಾರೆ, ಬರೂದು 1490 ನ್ಯಾನೊಮೀಟರ್, ಹೋಗೂದು 1310, ಅದಕ್ಕ ಒಂದಕ್ಕೊಂದು ಅಡ್ಡ ಬರಂಗಿಲ್ಲ. ಎಕ್ಸ್‌ಚೇಂಜಿನಿಂದ ಹೊಂಟ ಒಂದ ಎಳಿ ದಾರಿಯೊಳಗ ಸ್ಪ್ಲಿಟರ್ ಒಳಗ ಒಡದು 32 ಮನಿಗೆ, ಕೆಲವು ಕಡೆ 64 ಮನಿಗೆ ಹೋಗ್ತೈತಿ. ಆ ಬೆಳಕನ್ನ ಹಿಡಿದು ಕರೆಂಟಿನ ಸಿಗ್ನಲ್ ಮಾಡೂದು ಓಎನ್‌ಟಿ ಕೆಲಸ. ನಿಮ್ಮದರಾಗ ರೂಟರ್ರೂ, ವೈಫೈನೂ ಒಳಗ ಸೇರೇತಿ.

ನಾವು ತಾಮ್ರದ ಲೈನ್ ನೋಡ್ಕೊಂಡು ಬಂದಾವ್ರು. ಎಕ್ಸ್‌ಚೇಂಜಿನಿಂದ 48 ವೋಲ್ಟ್ ಬರ್ತಿತ್ತು, ಮಳಿಗಾಲದಾಗ ಜಾಯಿಂಟಿನೊಳಗ ನೀರು ಹೊಕ್ಕರ ಫೋನಿನಾಗ ಕರ್ ಕರ್ ಅಂತಿತ್ತು. ಗಾಜಿನ ಎಳಿಗೆ ನೀರಿನ ಭಯ ಇಲ್ಲ. ಅದಕ್ಕ ಶತ್ರುಗಳು ಎರಡ, ಮುರುವು ಮತ್ತ ಧೂಳಿ. ಆ ವೈರನ್ನ ಮೊಳಿಗೆ ಸುತ್ತಬ್ಯಾಡ್ರಿ, ಬಾಗಲಾ ಸಂದ್ಯಾಗ ಒತ್ತಬ್ಯಾಡ್ರಿ. ಹೆಚ್ಚಿದ್ದರ ಬಳಿ ಅಗಲದ ಸುತ್ತು ಮಾಡಿ ಇಡ್ರಿ. ಪೆಟ್ಟಿಗಿಗೆ ಹಚ್ಚಿದ ಹಸರು ತುದಿ ಇರ್ತೈತಲ್ಲ, ಅದನ್ನ ಎಂದೂ ಬಿಚ್ಚಬ್ಯಾಡ್ರಿ. ಒಂದು ಧೂಳಿನ ಕಣ ಕುಂತ್ರ ಬೆಳಕು ಬರಂಗಿಲ್ಲ. ಬಿಚ್ಚಿದ ತುದಿಯೊಳಗ ಕಣ್ಣಿಟ್ಟಂತೂ ನೋಡಬ್ಯಾಡ್ರಿ, ಅದು ಲೇಸರ್ ಬೆಳಕು, ಕಣ್ಣಿಗೆ ಕಾಣೂದಿಲ್ಲ.

ಪಿನ್ ಚುಚ್ಚಿದ್ರಿ ಅಂದ್ರಲ್ಲ, ಅದು ರೀಸೆಟ್ ತೂತು. ಹತ್ತು ಸೆಕೆಂಡ್ ಒತ್ತಿ ಹಿಡಿದ್ರ ಪೆಟ್ಟಿಗಿ ಕಾರ್ಖಾನಿಯಿಂದ ಬಂದಂಗ ಆಗ್ತೈತಿ. ಲೈನ್ ಕಡೆಯವರು ಒಳಗ ಹಾಕಿದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಾ ಅಳಿಸಿ ಹೋಗಿರ್ತಾವ, ಹುಡುಗ ಬಂದು ಅದನ್ನ ಮತ್ತ ಹಾಕಿದ. ನಿಮ್ಮ ತಪ್ಪಲ್ಲ, ಹೇಳಿದಾವ್ರ ತಪ್ಪು. ಪೆಟ್ಟಿಗಿ ಮಂಕಾತು ಅನ್ನಿಸಿದ್ರ ಸ್ವಿಚ್ ಆರಿಸಿ ಒಂದು ನಿಮಿಷ ಬಿಟ್ಟು ಹಚ್ಚ್ರಿ, ಎರಡು-ಮೂರು ನಿಮಿಷ ಕಾಯ್ರಿ. ಅಷ್ಟ ಸಾಕು.

ಇನ್ನ ಜಯನಗರದ ತಮ್ಮಾರು ಹೇಳಿದ ಮೆಶ್ ವಿಚಾರ. ಫ್ಲಾಟಿಗೆ ಅದು ಛಲೋ, ಅಲ್ಲಿ ಗ್ವಾಡಿ ನಾಕು-ಆರು ಇಂಚಿಂದು ಇರ್ತೈತಿ. ಒಂದೂವರಿ ಅಡಿ ಜಂಬಿಟ್ಟಿಗಿ ಗ್ವಾಡಿ, ಅದೂ ಮಳಿಗಾಲದಾಗ ನೀರು ಕುಡಿದದ್ದು, ವೈಫೈಯನ್ನ ತಡಿದು ನಿಲ್ಲಸ್ತೈತಿ. ಮೆಶ್ ಡಬ್ಬಿಗಳು ತಮ್ಮ ತಮ್ಮೊಳಗ ಮಾತಾಡೂದೂ ಗಾಳಿಯೊಳಗ. ಫೋನಿಗೆ ದಾಟಾಕ ಆಗದ ಗ್ವಾಡಿ ಡಬ್ಬಿಗೂ ಭಾರಾನ. ರಿಪೀಟರ್ ಅಂತ ಮಾರೂ ಸಣ್ಣ ಡಬ್ಬಿನೂ ಅಷ್ಟ, ಅದು ಕೇಳಿಸಿಕೊಂಡದ್ದನ್ನ ಮತ್ತ ಹೇಳೂದರಾಗ ಅರ್ಧಾ ವೇಗ ಹೋಗಿಬಿಡ್ತೈತಿ. ನಿಮ್ಮ ಮನಿಗೆ ಬೇಕಾದದ್ದು ಒಂದು ವೈರು. ನೀವು ತಂದ ರೂಟರ್ ಸಾಕು, ವಾಪಸ್ ಕೊಡಬ್ಯಾಡ್ರಿ.

ಎರಡು ಪ್ರಶ್ನೆ ಕೇಳ್ತೀನಿ. ಮಾಳಿಗಿ ನೆಲಾ ಯಾತರದು, ಮರದ ಹಲಗಿನೋ ಮಣ್ಣೋ? ಜಗುಲಿಯಿಂದ ಮಾಳಿಗಿಗೆ ಮಾಡಿನ ಗುಂಟ ಒಂದು ಹಗ್ಗಾ ಹಿಡಿದು ಅಳತಿ ತಗೀರಿ, ಎಷ್ಟು ಮೀಟರ್ ಆಗ್ತೈತಿ?

ತೋಟದಮನೆ, ಸಾಗರ

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾಳಿಗೆ ನೆಲ ಪೂರ್ತಿ ಹಲಗೆ, ಹಳೇ ಹಲಸಿನ ಮರದ್ದು. ನಡುಮನೆ ಮತ್ತೆ ಅಡುಗೆಮನೆಯ ಅರ್ಧ ಭಾಗ ಅದರ ಕೆಳಗೇ ಬರುತ್ತೆ. ಬಾವಿಹಗ್ಗ ಹಿಡಿದು ಅಳೆದೆ. ಜಗುಲಿ ಕಿಟಕಿಯಿಂದ ಮಾಡಿನ ಅಂಚಲ್ಲೇ ಹೋಗಿ ಮಾಳಿಗೆ ಮೆಟ್ಟಿಲ ಬಾಯಿಗೆ ಬಂದರೆ 18 ಮೀಟರ್.

ಇನ್ನೊಂದು. ಹೊಸ ರೂಟರ್ ಆನ್ ಮಾಡಿ, ಅದರ ಅಡಿಯಲ್ಲಿ ಬರೆದ ಹಾಗೆ ಫೋನಲ್ಲಿ 192.168.0.1 ಅಂತ ಹೊಡೆದೆ. ಏನೇನೋ ಲೇಖನಗಳ ಪಟ್ಟಿ ಬಂತು. ಇನ್ನೊಂದು ಸಲ ಹೊಡೆದರೆ ಸುತ್ತುತ್ತಲೇ ಇತ್ತು. "ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ" ಅಂತಲೂ ಬಂತು. ರೂಟರ್ ಹಾಳಾಗಿದೆಯಾ?

ನಿವೃತ್ತ ಲೈನ್‌ಮನ್, ಧಾರವಾಡ

ಏನೂ ಹಾಳಾಗಿಲ್ಲರಿ. ಹೊಸದಾಗಿ ಮಾಡೂ ಎಲ್ಲಾರೂ ಎಡವೂ ಜಾಗಾ ಇದು.

ಆ ನಂಬರ್ ಇಂಟರ್ನೆಟ್ಟಿನೊಳಗಿನ ವಿಳಾಸ ಅಲ್ಲ, ನಿಮ್ಮ ರೂಟರಿನ ಒಳಮನಿ ವಿಳಾಸ. ರೂಟರಿಗೆ ಇನ್ನೂ ಲೈನ್ ಹಚ್ಚಿಲ್ಲ, ಹಂಗಾಗಿ "ಇಂಟರ್ನೆಟ್ ಇಲ್ಲ" ಅನ್ನೂದು ಖರೇನ. ಫೋನ್ ಏನು ಮಾಡ್ತೈತಿ ಅಂದ್ರ, ಈ ವೈಫೈಯಿಂದ ಉಪಯೋಗ ಇಲ್ಲ ಅಂತ ತಿಳ್ಕೊಂಡು ತಾನ ಸಿಮ್ ಕಡೆ ಹೊಳ್ತೈತಿ. ಸಿಮ್ ಕಡಿಂದ ನಿಮ್ಮ ರೂಟರ್ ಹೆಂಗ ಸಿಗಬೇಕು? ಅದಕ್ಕ ಮೊದಲ ಮೊಬೈಲ್ ಡೇಟಾ ಆಫ್ ಮಾಡ್ರಿ. "ಇಂಟರ್ನೆಟ್ ಇಲ್ಲ, ಆದ್ರೂ ಇರ್ಲೇನು" ಅಂತ ಕೇಳಿದ್ರ ಇರ್ಲಿ ಅನ್ರಿ. ಆಮ್ಯಾಲೆ ಕ್ರೋಮ್ ತಗದು, ನಡುವಿನ ಹುಡುಕೂ ಪಟ್ಟಿಯೊಳಗಲ್ಲ, ತುದಿಯಾಗ ವಿಳಾಸ ಬರಿಯೂ ಪಟ್ಟಿಯೊಳಗ ನಂಬರ್ ಹೊಡೀರಿ. ಚುಕ್ಕಿ ಮೂರು, ನಡುವ ಜಾಗಾ ಬಿಡಬಾರ್ದು. "ಸುರಕ್ಷಿತವಲ್ಲ" ಅಂತ ತೋರಿಸಿದ್ರ ಅಂಜಬ್ಯಾಡ್ರಿ, ಅದು ನಿಮ್ಮ ಮನಿಯೊಳಗಿನ ಪುಟಾನ.

ಈಗ ಹಲಸಿನ ಹಲಗಿ ಅಂದ್ರಲ್ಲ, ಅದನ್ನ ಓದಿ ನನಗ ಭಾಳ ಖುಷಿ ಆತು. ಒಣ ಮರದೊಳಗ ವೈಫೈ ಸರಾಗ ಇಳೀತೈತಿ. ನೀವು ಗ್ವಾಡಿ ದಾಟಸೂದ ಬ್ಯಾಡ. ವೈರನ್ನ ಮ್ಯಾಲೆ ಒಯ್ದು ಎರಡನೇ ರೂಟರನ್ನ ಮಾಳಿಗಿ ಮೆಟ್ಟಲ ಬಾಯಿಗೆ ಇಡ್ರಿ. ಮಾಳಿಗಿಗೂ ಸಿಗ್ತೈತಿ, ಹಲಗಿ ಸಂದಿಯಿಂದ, ಮೆಟ್ಟಲ ಬಾಯಿಂದ ನಡುಮನಿಗೂ ಅಡಗಿಮನಿಗೂ ಇಳೀತೈತಿ. ಕಡ್ಡಿ ನಾಕೂ ಸೆಟದು ನಿಲ್ಲಸಬ್ಯಾಡ್ರಿ. ನಿಂತ ಕಡ್ಡಿ ಸಿಗ್ನಲ್ಲನ್ನ ಸುತ್ತಲೂ ಅಡ್ಡ ಚೆಲ್ತೈತಿ, ಕೆಳಗ ಭಾಳ ಹೋಗಂಗಿಲ್ಲ. ಎರಡು ನಿಲ್ಲಸ್ರಿ, ಎರಡು ಮಲಗಸ್ರಿ. ಸನೇಕ ಕಬ್ಬಿಣದ ಬೀರು, ದೊಡ್ಡ ಕನ್ನಡಿ ಇದ್ರ ದೂರ ಸರಸ್ರಿ.

ವೈರಿನ ವಿಚಾರ. ಅಂಗಡಿಗೆ ಹೋಗಿ 20 ಮೀಟರ್ ಕ್ಯಾಟ್ 6 ಕೇಬಲ್, ಹೊರಗಿನ ಬಿಸಲು ಮಳಿಗೆ ತಾಳೂ ಕರೇ ಬಣ್ಣದ್ದು ಕೇಳ್ರಿ. ಒಳಗಿನ ಎಳಿ ಪೂರಾ ತಾಮ್ರ ಇರಬೇಕು. ಅಲ್ಯೂಮಿನಿಯಂ ಎಳಿಗೆ ತಾಮ್ರ ಬಳದದ್ದೂ ಮಾರ್ತಾರ, ಅದು ಅಗ್ಗ, ಲಗೂ ಮುರೀತೈತಿ. ಒಂದು ಎಳಿ ಚಾಕುವಿಲೆ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಬ್ಯಾಡ ಅನ್ರಿ. ಎರಡೂ ತುದಿಗೆ ಅಂಗಡಿಯೊಳಗ ಕ್ಲಿಪ್ ಹೊಡಿಸಿ, ಟೆಸ್ಟರಿಗೆ ಹಚ್ಚಿ ಎಂಟೂ ದೀಪ ಸಾಲಾಗಿ ಹತ್ತಿದ್ದು ನಿಮ್ಮ ಕಣ್ಣಾರೆ ನೋಡ್ಕೊಂಡು ರೊಕ್ಕಾ ಕೊಡ್ರಿ. ಈ ಕೇಬಲ್ 100 ಮೀಟರ್ ತನಕ ನಡೀತೈತಿ, ನಿಮ್ದು 18, ಚಿಂತಿಲ್ಲ. ಹಳೇ ಮಾಳಿಗಿ ಅಂದ್ರ ಇಲಿ ಇರ್ತಾವ. ಪಿವಿಸಿ ಪೈಪಿನೊಳಗ ಹಾಕಿ ಒಯ್ರಿ. ಕರೆಂಟ್ ವೈರಿನ ಜೋಡಿ ಒಂದ ಪೈಪಿನಾಗ ಹಾಕಬ್ಯಾಡ್ರಿ, ಅರ್ಧಾ ಅಡಿ ದೂರ ಇರ್ಲಿ.

ಕೇಬಲ್ ಎಳಿಯೂಕಿಂತ ಮೊದಲ ಹೊಸ ರೂಟರನ್ನ ಜಗುಲಿಯೊಳಗ, ಹಳೇ ಪೆಟ್ಟಿಗಿ ಮಗ್ಗಲಕ ಇಟ್ಕೊಂಡು ತಯಾರ ಮಾಡ್ರಿ. ಮ್ಯಾಲೆ ಕೆಳಗ ಹತ್ತಿ ಇಳಿಯೂದು ತಪ್ಪತೈತಿ. ಪುಟ ತಗದ ಕೂಡ್ಲೆ ಹೊಸ ಪಾಸ್‌ವರ್ಡ್ ಇಡ್ರಿ ಅಂತೈತಿ, ಅದು ರೂಟರಿನ ಒಳಗ ಹೋಗೂ ಕೀಲಿ. ಆಮ್ಯಾಲೆ "ಆಪರೇಷನ್ ಮೋಡ್" ಅಂತ ಎಲ್ಲಿ ಐತಿ ಹುಡುಕ್ರಿ. ಅದರಾಗ "ಆ್ಯಕ್ಸೆಸ್ ಪಾಯಿಂಟ್" ಆರಿಸ್ರಿ.

ಯಾಕಂದ್ರ ಮನಿಯೊಳಗ ಪ್ರತಿ ಫೋನಿಗೂ ರೂಟರ್ ಒಂದೊಂದು ನಂಬರ್ ಹಂಚತೈತಿ, ಬ್ಯಾಂಕಿನಾಗ ಟೋಕನ್ ಕೊಟ್ಟಂಗ. ಟೋಕನ್ ಕೊಡಾವ ಒಬ್ಬನ ಇರಬೇಕು. ಇಬ್ಬರು ಕುಂತು ಹಂಚಿದ್ರ ಒಂದ ನಂಬರ್ ಇಬ್ಬರಿಗೆ ಹೋಗಿ ಗದ್ಲ ಆಗ್ತೈತಿ. ಆ್ಯಕ್ಸೆಸ್ ಪಾಯಿಂಟ್ ಅಂತ ಆರಿಸಿದ್ರ ಹೊಸ ರೂಟರ್ ಟೋಕನ್ ಕೊಡೂದು ಬಿಟ್ಟು, ಬರೇ ವೈಫೈ ಚೆಲ್ಲೂ ಕೆಲಸ ಮಾಡ್ತೈತಿ. ಟೋಕನ್ ಜಗುಲಿ ಪೆಟ್ಟಿಗಿನ ಕೊಡ್ತೈತಿ. ಆ ಮೋಡ್ ಇಲ್ಲದ ರೂಟರ್ ಆಗಿದ್ರ ಡಿಎಚ್‌ಸಿಪಿ ಅನ್ನೂದನ್ನ, ಅಂದ್ರ ಈ ಟೋಕನ್ ಹಂಚೂ ಕೆಲಸಾನ, ಆಫ್ ಮಾಡಿ, ವಿಳಾಸಾನ ಬದಲಿ ಮಾಡಬೇಕಾಗ್ತೈತಿ, ಅಂಥಾದ್ದಿದ್ರ ಬರೀರಿ, ಹೇಳ್ತೀನಿ.

ವೈಫೈ ಹೆಸರೂ ಪಾಸ್‌ವರ್ಡೂ ಜಗುಲಿ ಪೆಟ್ಟಿಗಿಯೊಳಗ ಇದ್ದದ್ದನ್ನ ಅಕ್ಷರ ತಪ್ಪದ ಇಲ್ಲೂ ಇಡ್ರಿ. ಹಂಗಿಟ್ರ ಫೋನ್ ಜಗುಲಿಯೊಳಗ ಅದನ್ನ, ಮ್ಯಾಲೆ ಇದನ್ನ ತಾನ ಹಿಡಕೋತೈತಿ. ಭದ್ರತೆ ಅಂತ ಕೇಳಿದಲ್ಲಿ ಡಬ್ಲ್ಯುಪಿಎ2, ಇಲ್ಲಾ ಡಬ್ಲ್ಯುಪಿಎ3 ಇರ್ಲಿ. ಡಬ್ಲ್ಯುಪಿಎಸ್ ಅನ್ನೂದು, ಅಂದ್ರ ಪಾಸ್‌ವರ್ಡ್ ಹೊಡೀದ ಗುಂಡಿ ಒತ್ತಿ ಸೇರಿಸೂದು, ಆನ್ ಇದ್ರ ಆಫ್ ಮಾಡ್ರಿ. 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಕಾಣ್ತಾವ. 5 ಅಂದ್ರ ವೇಗ ಹೆಚ್ಚು, ಆದ್ರ ಅಡ್ಡ ಬಂದದ್ದಕ್ಕ ಲಗೂ ಸೋಲ್ತೈತಿ. 2.4 ನಿಧಾನ, ಆದ್ರ ದೂರ ಹೋಗ್ತೈತಿ. ಎರಡೂ ಇರ್ಲಿ. 2.4ರ ಚಾನೆಲ್ ಜಗುಲಿದು 1 ಇಟ್ಟು ಮಾಳಿಗಿದು 11 ಇಡ್ರಿ, ಒಂದರ ದನಿ ಇನ್ನೊಂದಕ್ಕ ಅಡ್ಡ ಬರಬಾರ್ದು.

ಕಡೀಕ ವೈರು. ಜಗುಲಿ ಪೆಟ್ಟಿಗಿಯ ಲ್ಯಾನ್ (LAN) ಅಂತ ಬರದ ತೂತಿನಿಂದ ಹೊಸ ರೂಟರಿನ ಹಳದಿ ತೂತಿಗೆ. ನೀಲಿ ತೂತು ಖಾಲಿ ಇರ್ಲಿ. ಸಿಕ್ಕಿಸಿದಾಗ ಟಕ್ ಅಂತ ಸಪ್ಪಳ ಬರಬೇಕು, ಬರಲಿಲ್ಲಂದ್ರ ಕುಂತಿಲ್ಲ ಅಂತ ತಿಳಕೋರಿ.

ಒಂದು ನೋಟ್‌ಬುಕ್ ಇಡ್ರಿ ಅಕ್ಕಾರ. ಮೂರು ಪಾಸ್‌ವರ್ಡ್ ಅದಾವ, ಜನಾ ಇವನ್ನ ಕಲಸಿ ಕುಂದ್ರತಾರ. ವೈಫೈ ಪಾಸ್‌ವರ್ಡ್ ಮನಿಗೆ ಬಂದಾವ್ರಿಗೆ ಕೊಡೂದು. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಕೊಡೂದಲ್ಲ. ಮೂರನೇದು ಲೈನ್ ಕಡೆಯವರು ಕೊಟ್ಟ ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್. ಅದನ್ನ ಕೇಳಿ ಬರ್ಕೋರಿ, ಮುಂದ ಪೆಟ್ಟಿಗಿ ಬದಲಾದ್ರ, ಯಾರರೆ ಮತ್ತ ರೀಸೆಟ್ ಒತ್ತಿದ್ರ ಅದ ಬೇಕಾಗ್ತೈತಿ. ವೈಫೈ ಪಾಸ್‌ವರ್ಡಿಗೆ ಫೋನ್ ನಂಬರ್ ಇಡಬ್ಯಾಡ್ರಿ. ನಿಮ್ಮ ತೋಟದಾಗಿನ ಮೂರು ಗಿಡದ ಹೆಸರು ಸೇರಿಸಿ ನಡುವ ಒಂದು ಅಂಕಿ ಹಾಕ್ರಿ, ನೆನಪೂ ಇರ್ತೈತಿ, ಊಹಿಸಾಕೂ ಆಗಂಗಿಲ್ಲ. ಎಂಟಕ್ಷರಕ್ಕಿಂತ ಕಡಿಮಿ ಇದ್ರ ಅದು ತಗೋಳಂಗಿಲ್ಲ.

ಪುತ್ತೂರಿನ ಕೃಷಿಕ

ಅಕ್ಕ, ಲೈನ್‌ಮನ್ ಅಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೇನೆ. ನಮ್ಮದೂ ತೋಟದ ಮನೆ. ಹೋದ ವರ್ಷ ಎಪ್ರಿಲ್‌ನಲ್ಲಿ ಒಂದು ಸಂಜೆ ಸಿಡಿಲಿಗೆ ರೂಟರ್ ಸುಟ್ಟುಹೋಯಿತು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ನಾನು ಧೈರ್ಯದಲ್ಲಿದ್ದೆ. ಆದರೆ ಕಂಬದಿಂದ ಬರುವ ಫೈಬರ್ ವೈರಿನ ಜತೆ ಅದನ್ನು ಹೊತ್ತು ನಿಲ್ಲುವ ಒಂದು ಉಕ್ಕಿನ ತಂತಿ ಇರ್ತದೆ. ನಮ್ಮಲ್ಲಿ ಅದನ್ನು ಹಾಗೆಯೇ ಕಿಟಕಿಯ ಒಳಗೆ ತಂದು ಪೆಟ್ಟಿಗೆಯ ಹತ್ತಿರ ಬಿಟ್ಟಿದ್ದರು. ಈಗ ಅದನ್ನು ಹೊರಗಿನ ಗೋಡೆಯಲ್ಲೇ ಕೊಕ್ಕೆಗೆ ಕಟ್ಟಿ ತುಂಡು ಮಾಡಿಸಿದ್ದೇನೆ, ಒಳಗೆ ಬರುವುದು ಫೈಬರ್ ಎಳೆ ಮಾತ್ರ. ನಿಮ್ಮದು ಹೇಗಿದೆ ನೋಡಿ, ನೀವೇ ಕತ್ತರಿಸಬೇಡಿ, ಅವರಿಂದ ಮಾಡಿಸಿ. ಗುಡುಗು ಶುರುವಾಗುವ ಮೊದಲೇ ಅಡಾಪ್ಟರ್ ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಾಳಿಗೆಗೆ ಹೋಗುವ ಕೇಬಲ್ಲನ್ನೂ ತೆಗೆದಿಡಿ. ಅದು ತಾಮ್ರ.

ಎರಡು ರೂಟರಿನ ಅಡಾಪ್ಟರ್ ಅದಲು ಬದಲು ಆಗದ ಹಾಗೆ ನೋಡಿಕೊಳ್ಳಿ. ಒಂದು 12 ವೋಲ್ಟ್, ಇನ್ನೊಂದು 9 ವೋಲ್ಟ್ ಇರಬಹುದು, ಪಿನ್ ಮಾತ್ರ ಎರಡಕ್ಕೂ ಕೂರ್ತದೆ. ನಾನು ಬಣ್ಣದ ಟೇಪ್ ಸುತ್ತಿದ್ದೇನೆ. ಕರೆಂಟ್ ಹೋದಾಗ ನಡೆಯಲಿಕ್ಕೆ ಸಣ್ಣ ಯುಪಿಎಸ್ ಸಿಗ್ತದೆ, ಮಗಳಿಗೆ ಮೀಟಿಂಗ್ ಇದ್ದರೆ ಅದು ಬೇಕಾದೀತು. ಅದರ ಮೇಲೂ ವೋಲ್ಟ್ ಬರೆದಿರ್ತದೆ, ಸರಿಯಾಗಿ ಹೊಂದುವುದನ್ನೇ ತಗೊಳ್ಳಿ.

ಜಯನಗರದವ

ಲೈನ್‌ಮನ್ ಅಣ್ಣ, ಒಪ್ಪಿದೆ. ನನ್ನ ತಲೆಯಲ್ಲಿ ಫ್ಲಾಟೇ ಇತ್ತು. ನಮ್ಮಜ್ಜಿ ಮನೆ ಚನ್ನಗಿರಿ ಹತ್ರ, ಅದೂ ಇಂಥದ್ದೇ ಗೋಡೆ. ಅಲ್ಲಿ ಮೆಶ್ ಡಬ್ಬಿ ಒಯ್ದು ಇಟ್ಟಿದ್ದೆ, ಅಡುಗೆಮನೆಗೆ ಬರಲೇ ಇಲ್ಲ. ಈಗ ಕಾರಣ ಗೊತ್ತಾಯ್ತು.

ತೋಟದಮನೆ, ಸಾಗರ

ಹತ್ತು ದಿನ ಆಯ್ತು ಬರೆದು, ಕ್ಷಮಿಸಿ. ಒಂದು ವಾರ ಮಳೆ ಬಿಟ್ಟಿರಲಿಲ್ಲ, ಮಾಡು ಹತ್ತಿ ಪೈಪ್ ಹೊಡೆಯೋಕೆ ಜನ ಬರಲಿಲ್ಲ.

ಮೊದಲು ಹೇಳಬೇಕಾದ್ದು: ಮಾಳಿಗೆಯಲ್ಲಿ ನೆಟ್ ಬಂತು!

ಕೇಬಲ್ ತರೋಕೆ ಹೋದಾಗ ಅಂಗಡಿಯವರು ಮೊದಲು ಕೊಟ್ಟದ್ದನ್ನು ಕೆರೆದು ನೋಡಿದೆ, ಒಳಗೆ ಬೆಳ್ಳಗಿತ್ತು. ತಾಮ್ರದ್ದು ಕೊಡಿ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಒಳಗಿಂದ ಬೇರೆ ಸುರುಳಿ ತಂದರು. ಕ್ಲಿಪ್ ಹೊಡೆದು ಟೆಸ್ಟರಿಗೆ ಹಾಕಿದಾಗ ಮೂರನೇ ದೀಪ ಹತ್ತಲಿಲ್ಲ. ಮತ್ತೆ ಹೊಡೆಸಿದೆ. ಎರಡನೇ ಸಲ ಎಂಟೂ ಹತ್ತಿತು. ನೀವು ಹೇಳದೇ ಇದ್ದಿದ್ದರೆ ಮನೆಗೆ ತಂದು ಪೈಪಲ್ಲಿ ಹಾಕಿ ಆದಮೇಲೆ ಒದ್ದಾಡಬೇಕಿತ್ತು.

ಮೊಬೈಲ್ ಡೇಟಾ ಆಫ್ ಮಾಡಿ ಹೊಡೆದೆ, ಪುಟ ತಕ್ಷಣ ಬಂತು. ಆ್ಯಕ್ಸೆಸ್ ಪಾಯಿಂಟ್ ಅಂತ ಆರಿಸಿ ಸೇವ್ ಕೊಟ್ಟ ಮೇಲೆ ರೂಟರ್ ತಾನೇ ಆರಿ ಹತ್ತಿತು. ಆಮೇಲೆ 192.168.0.1 ಹೊಡೆದರೆ ಆ ಪುಟ ಬರಲಿಲ್ಲ. ಗಾಬರಿ ಆಗಿ ಮಗಳನ್ನು ಕರೆದೆ. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಬಂದು ಜಗುಲಿ ಪೆಟ್ಟಿಗೆಯ ಒಳಗೆ ಯಾರ್ಯಾರು ಸೇರಿದ್ದಾರೆ ಅನ್ನೋ ಪಟ್ಟಿ ತೆಗೆದಳು. ಅಲ್ಲಿ ಹೊಸ ರೂಟರಿಗೆ 192.168.1.7 ಅಂತ ಟೋಕನ್ ಸಿಕ್ಕಿತ್ತು. ಅಣ್ಣಾ, ನೀವು ಹೇಳಿದ ಟೋಕನ್ ಮಾತು ಆಗ ಪೂರ್ತಿ ಅರ್ಥ ಆಯ್ತು. ಅದನ್ನೂ ನೋಟ್‌ಬುಕ್ಕಲ್ಲಿ ಬರೆದಿದ್ದೀನಿ.

ಮಾಳಿಗೆಯಲ್ಲಿ ವೇಗ 47 ಎಂಬಿಪಿಎಸ್ ಬರ್ತಾ ಇದೆ. ನಡುಮನೆಯಲ್ಲಿ 31, ಒಲೆ ಹತ್ತಿರ 22. ಎರಡು ಕಡ್ಡಿ ಮಲಗಿಸೋಕೆ ಮುಂಚೆ ಒಲೆ ಹತ್ತಿರ 9 ಇತ್ತು. ಕೊಟ್ಟಿಗೆಗೆ ಬರಲ್ಲ, ಬೇಡ. ಉಕ್ಕಿನ ತಂತಿ ನಮ್ಮದೂ ಕಿಟಕಿ ಒಳಗೇ ಬಂದಿತ್ತು, ಪುತ್ತೂರಿನ ತಮ್ಮ ಹೇಳಿದ ಹಾಗೆ ಹೊರಗೆ ಕಟ್ಟಿಸಿದೆ. ಆ ಕೆಲಸಕ್ಕೆ ಬಂದ ಹುಡುಗನ ಹತ್ತಿರ ಕನೆಕ್ಷನ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿದೆ. ಯಾಕೆ ಅಂದ. ಬರೆದಿಟ್ಕೊಳ್ಳೋಕೆ ಅಂದೆ. ಕೊಟ್ಟ.

ಒಂದು ಸಂಶಯ. 50 ಎಂಬಿಪಿಎಸ್ ಅಂದ ಮೇಲೆ ಮಗಳು ಫೈಲ್ ಇಳಿಸಿಕೊಳ್ಳುವಾಗ ಆರು ಅಂತ ಯಾಕೆ ತೋರಿಸುತ್ತೆ?

ನಿವೃತ್ತ ಲೈನ್‌ಮನ್, ಧಾರವಾಡ

ಅಕ್ಕಾರ, ಓದಿ ಕಣ್ಣು ತುಂಬಿ ಬಂತ್ರಿ. ಮನಿಯಾಕಿಗೂ ಓದಿ ಹೇಳಿದೆ.

ಆರು ಅನ್ನೂದು ಸರಿ ಐತಿ. ಪ್ಲಾನಿನಾಗ ಹೇಳೂದು ಮೆಗಾಬಿಟ್, ಫೈಲ್ ಇಳಿಸಾಗ ತೋರಸೂದು ಮೆಗಾಬೈಟ್. ಎಂಟು ಬಿಟ್ ಕೂಡಿದ್ರ ಒಂದು ಬೈಟ್. 50ನ್ನ 8ರಲೆ ಭಾಗಸ್ರಿ, ಆರೂ ಕಾಲು ಬರ್ತೈತಿ. ನಿಮಗ ಪೂರ್ತಿ ಸಿಗಾಕತ್ತೈತಿ. ಮಗಳ ವಿಡಿಯೊ ಮೀಟಿಂಗಿಗೆ ಮೂರು-ನಾಕು ಎಂಬಿಪಿಎಸ್ ಇದ್ರ ನಡೀತೈತಿ.

ಕೊಟ್ಟ ಟೋಕನ್ ನಂಬರ್ ಮುಂದ ಬದಲಾಗಬಹುದು, 7 ಇದ್ದದ್ದು 9 ಆದ್ರ ಅಂಜಬ್ಯಾಡ್ರಿ, ಮತ್ತ ಅದ ಪಟ್ಟಿ ನೋಡ್ರಿ. ಎರಡು-ಮೂರು ತಿಂಗಳಿಗೊಮ್ಮೆ ರೂಟರಿನ ಪುಟದಾಗ ಹೊಸ ಫರ್ಮ್‌ವೇರ್, ಅಂದ್ರ ರೂಟರಿನ ಒಳಗಿನ ಸಾಫ್ಟ್‌ವೇರ್, ಬಂದೈತೇನು ನೋಡಿ ಹಾಕ್ರಿ. ಹಾಕೂ ಮುಂದ ಕರೆಂಟ್ ಹೋಗಬಾರ್ದು, ಅಷ್ಟು ನೋಡ್ಕೋರಿ. ಮೊಮ್ಮಗುವಿಗೆ ನನ್ನ ಆಶೀರ್ವಾದ.

ತೋಟದಮನೆ, ಸಾಗರ

ಇದನ್ನು ಬರೆಯಲೇಬೇಕು ಅನ್ನಿಸಿತು. ಇವತ್ತು ಬೆಳಿಗ್ಗೆ ಆಚೆ ಮನೆಯವರು ಫೋನ್ ಮಾಡಿ, ನೆಟ್ ಇಲ್ಲ, ರೂಟರ್ ಹಾಳಾಗಿದೆ, ಪೇಟೆಗೆ ಹೋಗಿ ಹೊಸದು ತರ್ತೀವಿ, ಯಾವುದು ತರಲಿ ಅಂತ ಕೇಳಿದರು. ತಡೀರಿ, ದೀಪ ಏನು ಹೇಳುತ್ತೆ ನೋಡಿ ಅಂದೆ. ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ಮಿನುಗ್ತಾ ಇದೆ ಅಂದರು. ನಮ್ಮ ಪೆಟ್ಟಿಗೆ ನೋಡಿದೆ. ಅದೇ ಜಾಗದಲ್ಲಿ ದೀಪವೇ ಇಲ್ಲ, ಲೈನ್ ಸೇರಿದೆ ಅಂತ ತೋರಿಸೋ ಪಕ್ಕದ ಪಿಒಎನ್ ದೀಪ ಹಸಿರಾಗಿ ನಿಂತಿದೆ. ಹಾಗಾದರೆ ಅವರ ಪೆಟ್ಟಿಗೆಗೆ ಹೊರಗಿಂದ ಬೆಳಕೇ ಬರ್ತಾ ಇಲ್ಲ, ಲೈನ್ ಕಡೆಯದು ತೊಂದರೆ ಅಂತ ಗೊತ್ತಾಯ್ತು. ಒಳಗೆ ಏನೂ ಮುಟ್ಟಬೇಡಿ, ತೂತಿಗೆ ಪಿನ್ ಹಾಕಬೇಡಿ, ದುಡ್ಡೂ ಖರ್ಚು ಮಾಡಬೇಡಿ ಅಂತ ಹೇಳಿ ಛತ್ರಿ ಹಿಡ್ಕೊಂಡು ಹೋದೆ.

ಕಂಬದಿಂದ ಅವರ ಮನೆವರೆಗೆ ವೈರ್ ಹಿಡಿದು ನಡೆದೆವು. ಬೇಲಿ ಹತ್ತಿರ ಅಡಿಕೆ ಸೋಗೆ ಬಿದ್ದು ವೈರನ್ನು ನೆಲಕ್ಕೆ ಜಗ್ಗಿತ್ತು, ಒಂದು ಕಡೆ ಮೊಣಕೈ ಮಡಚಿದ ಹಾಗೆ ಮುರುಟಿತ್ತು. ಫೋಟೊ ತೆಗೆದು ಲೈನಿನ ಹುಡುಗನಿಗೆ ಕಳಿಸಿದೆ. ಮಧ್ಯಾಹ್ನ ಬರ್ತೀನಿ ಅಂದ. ಅವನು ಬಂದಾಗ ಸ್ಪ್ಲೈಸ್, ಅಂದರೆ ಗಾಜಿನ ಎಳೆ ಜೋಡಿಸೋದು, ಹೇಗೆ ಮಾಡ್ತಾನೆ ಅಂತ ಪಕ್ಕದಲ್ಲೇ ನಿಂತು ನೋಡ್ತೀನಿ.